ಭದ್ರಾವತಿ ಬಿಸಿಲಲ್ಲಿ ಬೋರ್ಡೋ

ಫ್ರಾನ್ಸಿನ ಬೋರ್ಡೋ ಸೀಮೆಯ ದಟ್ಟ ಕೆಂಪು ವೈನ್ ಮಹಾ ಮಡಿವಂತ. ಅದಕ್ಕೆ ವರ್ಷವಿಡೀ 12ರಿಂದ 14 ಡಿಗ್ರಿ ತಂಪು, ಕತ್ತಲು, ಒಂದಿಷ್ಟು ತೇವ ಬೇಕು. ಅಲುಗಾಡಿಸಬಾರದು, ಮಲಗಿಸಿಯೇ ಇಡಬೇಕು. ನಿಲ್ಲಿಸಿಟ್ಟರೆ ಬಿರಡೆ ಒಣಗಿ ಗಾಳಿ ನುಗ್ಗುತ್ತದೆ.

ಇಂಥ ಅತಿಥಿ, 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿಸಿದ ಭದ್ರಾವತಿಗೆ ಏಪ್ರಿಲ್‌ನಲ್ಲಿ ಬಂದಿಳಿದರೆ? ಅಟ್ಟ ಸೇರಿದ ಬಾಟಲಿ 36 ಡಿಗ್ರಿ ಸೆಕೆಗೆ ಬೆಂದು ಜಾಮಿನ ರುಚಿಗೆ ತಿರುಗುತ್ತದೆ. ಶಿವಮೊಗ್ಗದ ಮಳೆಗಾಲದಲ್ಲಿ ತೇವಕ್ಕೇನೂ ಬರವಿಲ್ಲ. ಚಪ್ಪಲಿಗೆ ಹಿಡಿಯುವ ಬೂಷ್ಟು ಲೇಬಲ್ಲಿಗೂ ಹಿಡಿದೀತು. ಒಳಗಿನ ವೈನಿಗೆ ಬಾಧೆಯಿಲ್ಲ, ಲೇಬಲ್ ತೋರಿಸಿ ಜಂಬ ಕೊಚ್ಚುವವರಿಗಷ್ಟೇ ನಷ್ಟ.

‘ಕೋಣೆಯ ಉಷ್ಣತೆಯಲ್ಲಿ ಬಡಿಸಿ’ ಎಂಬ ಉಪದೇಶ ಯುರೋಪಿನ ಚಳಿಮನೆಗಳದ್ದು. ಇಲ್ಲಿ ಒಂದೂವರೆ ಗಂಟೆ ಫ್ರಿಜ್ಜಿನಲ್ಲಿದ್ದರೆ 17-18 ಡಿಗ್ರಿಗೆ ಇಳಿದೀತು. ಎಳೆಯ ವೈನಾದರೆ ಅಗಲ ಪಾತ್ರೆಗೆ ಬಗ್ಗಿಸಿ ಗಂಟೆ ಕಾಲ ಗಾಳಿ ಕುಡಿಸಬೇಕು. ಟ್ಯಾನಿನ್ನಿನ ಒಗರು ತುಸು ಮೆತ್ತಗಾಗುತ್ತದೆ. ಹಾಗೆ ನೋಡಿದರೆ, ಅಡಿಕೆ ಜಗಿದು ಬೆಳೆದ ಮಲೆನಾಡಿಗರಿಗೆ ಟ್ಯಾನಿನ್ ಬಾಲ್ಯಸ್ನೇಹಿತ!

ನೆಲಮಾಳಿಗೆ ಇಲ್ಲದವರು ಬೋರ್ಡೋ ಹದವಾಗಲೆಂದು ಹತ್ತು ವರ್ಷ ಕಾಯುವ ವ್ರತ ಹಿಡಿಯುವುದು ಬೇಡ. ಫ್ರೆಂಚ್ ತಜ್ಞ ಮಿಶೆಲ್ ರೋಲಾನ್ ಸಲಹೆಯಲ್ಲಿ ನಂದಿಬೆಟ್ಟದ ಗ್ರೋವರ್ ವೈನರಿಯವರು ರೂಪಿಸಿದ ಕೆಂಪು ವೈನ್ ಲಾ ರಿಸರ್ವ್ ತಂದು, ಅದೇ ತಿಂಗಳು ಮುಗಿಸುವುದೇ ಲೇಸು.