ಗಡಿಯಾರ ಯಾರ ಬಾಗಿಲಿಂದ?

ಧಾರವಾಡದ ಲಕಮನಹಳ್ಳಿ ನಿಲ್ದಾಣಕ್ಕೆ ಚಿಗರಿ ಬಸ್ಸು ಐದು ನಿಮಿಷ ತಡವಾಗಿ ಬಂದರೆ ಹತ್ತು ಜನ ಮೊಬೈಲ್ ತೆಗೆದು ಟೈಮ್ ನೋಡುತ್ತಾರೆ. ಪಕ್ಕದ ಕಾರ್ಖಾನೆ ಪ್ರದೇಶದಲ್ಲಿ ಶಿಫ್ಟಿಗೆ ತಡವಾದರೆ ಪಗಾರದಲ್ಲೇ ಲೆಕ್ಕ ಹರಿಯುತ್ತದೆ. ಅದೇ ಓಣಿಯ ಇಪ್ಪತ್ತರ ಹುಡುಗ ನಿದ್ದೆಗೆಟ್ಟು, ಯಾರೂ ಇಲ್ಲದ ಕೋಣೆಯಲ್ಲಿ ಬೈಗುಳ ಕೇಳಿಸಿಕೊಂಡು, ತಾಯಿ ಬಡಿಸಿದ ಅನ್ನದಲ್ಲಿ ವಿಷ ಹುಡುಕತೊಡಗಿದ ದಿನದಿಂದ ಸರಿಯಾದ ಮೊದಲ ಗುಳಿಗೆ ನುಂಗುವವರೆಗೆ ಎಷ್ಟು ದಿನ ಹೋದವು? ಆ ಅಂಕಿ ತೂಗುಹಾಕಿದ ಗೋಡೆಯನ್ನು ನಾನಿನ್ನೂ ಕಂಡಿಲ್ಲ.

ಹಾಗಂತ ಯಾರನ್ನಾದರೂ ದೂರುವಂತಿಲ್ಲ. ಇಲ್ಲಿ ಯಾರೂ ತಡ ಮಾಡಿಲ್ಲ. ‘ಗಾಳಿ ಸೋಂಕೈತಿ, ಐದು ಅಮಾಸಿ ನಡಕೊಳ್ರಿ’ ಎಂದ ದೇವರ ಅಜ್ಜ ಬಂದ ದಿನವೇ ನಿಂಬೆಹಣ್ಣು ಮಂತ್ರಿಸಿದ್ದಾನೆ. ಓಣಿಯ ಡಾಕ್ಟರು ಕೂತಲ್ಲೇ ಶಕ್ತಿಯ ಇಂಜೆಕ್ಷನ್ ಚುಚ್ಚಿದ್ದಾರೆ. ‘ಮದವಿ ಮಾಡ್ರಿ, ತಾನ ನೆಟ್ಟಗಾಗ್ತಾನ’ ಎಂದ ಅತ್ತೆಯಂತೂ ಮಾತು ಮುಗಿಯುವಷ್ಟರಲ್ಲಿ ಕನ್ಯೆ ಹುಡುಕಿದ್ದಾಳೆ. ಮುಂದಿನ ತಿಂಗಳುಗಳನ್ನು ಎಣಿಸುವ ಕೆಲಸ ಯಾರದೋ ಮನೆಯ ಮಗಳಿಗೆ ಬಿತ್ತು, ಅಷ್ಟೇ.

ಇಷ್ಟಕ್ಕೂ ದವಾಖಾನೆ ದೂರವಿಲ್ಲ. ಬೆಳಗಾವಿ ರಸ್ತೆಯ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೇ ಊರಿನದು. ಆದರೆ ಅದರ ಹೆಸರನ್ನು ಬೈಗುಳಕ್ಕೂ ಚೇಷ್ಟೆಗೂ ಬಳಸಿ ಬಳಸಿ, ಅದರ ಗೇಟಿನಲ್ಲಿ ಪರಿಚಯದವರು ಸಿಕ್ಕರೆ ಏನು ಗತಿ ಎಂದು ಹೆದರುವಂತೆ ಮಾಡಿಕೊಂಡವರು ನಾವೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆಯ ಪ್ರತಿ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಇಲ್ಲ. ದವಾಖಾನೆಗೇ ಬಾರದವರ ತಡವನ್ನು ಯಾವ ಚೀಟಿಯ ಮೇಲೆ ಬರೆಯುವುದು?

ಇಂಗ್ಲೆಂಡಿನವರು 2016ರಿಂದ, ಇಂಥ ಕಾಯಿಲೆ ಮೊದಲ ಬಾರಿ ಕಾಣಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿ ಇಟ್ಟುಕೊಂಡಿದ್ದಾರೆ. ಭಲೇ ಎನ್ನುವ ಮೊದಲು ನೋಡಿ: ಆ ಗಡಿಯಾರ ಓಡುವುದು ರೋಗಿಯನ್ನು ಯಾರಾದರೂ ಕಳಿಸಿಕೊಟ್ಟ ಮೇಲೆ. ಅದಕ್ಕೂ ಮುಂಚಿನ ತಿಂಗಳುಗಳು ಅಲ್ಲೂ ಅನಾಥ. ನಾರ್ವೆಯ ಸ್ಟಾವಂಗರ್ ಸುತ್ತಮುತ್ತ ಮಾತ್ರ 1997ರಿಂದ ಪೇಪರು, ಶಾಲೆ, ಸಿನಿಮಾ ಥಿಯೇಟರುಗಳಲ್ಲಿ ಲಕ್ಷಣಗಳನ್ನು ಸಾರಿ ಹೇಳಿ, ನೇರವಾಗಿ ಬರಲು ಬಾಗಿಲು ತೆರೆದರು. ತಡದ ಮಧ್ಯಾಂಕ 26 ವಾರದಿಂದ 5ಕ್ಕೆ ಇಳಿಯಿತು. ಜಾಹೀರಾತು ನಿಲ್ಲಿಸಿದರು, ತಡ ಮತ್ತೆ ಏರಿತು. ಲೆಕ್ಕ ಇಟ್ಟವರಿಗೆ ಏರಿದ್ದಾದರೂ ಗೊತ್ತಾಯಿತು. ತಡ ಉದ್ದವಾದಷ್ಟೂ ಹುಡುಗ ಚೇತರಿಸಿಕೊಳ್ಳುವುದು ಕಷ್ಟ ಎಂಬುದು ಹಳೆಯ ಸಂಗತಿ. ನಮ್ಮಲ್ಲಿ ಅದಕ್ಕೆ ‘ಹಣೇಬರಹ’ ಎಂಬ ಖಾತೆ ಮೊದಲೇ ತೆರೆದಿದೆ.

ಅಳತೆಗೋಲೇ ಇಲ್ಲವೆನ್ನಬೇಡಿ. ತಾಯಿಯನ್ನು ಕೇಳಿ. ‘ಶೀಗಿ ಹುಣ್ಣಿವಿ ಮುಂದ ಊಟ ಬಿಟ್ಟಾರಿ, ಸಂಕ್ರಮಣಕ್ಕ ಕೆಲಸ ಬಿಟ್ಟಾ, ಹೋಳಿಗೆ ನನ್ನ ಗುರ್ತಾನೂ ಬಿಟ್ಟಾ’ ಅನ್ನುತ್ತಾಳೆ. ಇದಕ್ಕಿಂತ ಕರಾರುವಾಕ್ಕಾದ ಲೆಕ್ಕ ಯಾವ ಕಂಪ್ಯೂಟರೂ ಕೊಡಲಾರದು. ಆದರೆ ಚೀಟಿ ಬರೆಯುವವನಿಗೆ ಅಂಕಿ ಬೇಕು, ಹಿಂದೆ ಪಾಳಿ ಬೆಳೆದಿದೆ.

‘ಒಂದ ವರ್ಷ ಅಂತ ಬರಕೋತೀನ್ರೀ ಅವ್ವಾರ. ಮುಂದಿನವ್ರು ಬರ್ರಿ!’