ಊದಿಯೂರಿನ ಗಾಳಿ

ಬೆಟ್ಟ ಹತ್ತಲು ಹೊರಟೆ ಎಂದರೆ ಕೊಯಮತ್ತೂರಿನ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ವೆಳ್ಳಿಯಂಗಿರಿಗಾ?" ಏಳು ಬೆಟ್ಟ, ಪೂಂಡಿಯಲ್ಲಿ ಕೊಳ್ಳುವ ಬಿದಿರುಕೋಲು, ಮುಂದಿನವರ ಹಿಮ್ಮಡಿ ನೋಡುತ್ತ ರಾತ್ರಿಯೆಲ್ಲ ನಡಿಗೆ. ಪುಣ್ಯ ಉಂಟು, ಇಲ್ಲವೆನ್ನಲಾರೆ. ಆದರೆ ಸರದಿ ನಿಲ್ಲುವುದು ನನಗೆ ರೇಷನ್ ಅಂಗಡಿಯಲ್ಲೇ ಸಾಕಾಗಿದೆ.

ನನ್ನದು ಊದಿಯೂರು ಬೆಟ್ಟ. ಕಾಂಗೇಯಂನಿಂದ ಧಾರಾಪುರದ ಬಸ್ಸು ಹಿಡಿದರೆ ಬಯಲಿನಲ್ಲಿ ಒಂಟಿಯಾಗಿ ಎದ್ದು ಕಾಣುತ್ತದೆ. ಮೇಲೆ ಉದ್ದಂಡ ವೇಲಾಯುಧಸ್ವಾಮಿ. ಇನ್ನೂ ಹತ್ತಿದರೆ ಹದಿನೆಂಟು ಸಿದ್ಧರಲ್ಲೊಬ್ಬರಾದ ಕೊಂಗಣರ ನೆಲೆ. ಅವರು ಇಲ್ಲಿ ಕುಲುಮೆ ಊದಿ ಚಿನ್ನ ಮಾಡಿದರಂತೆ, ಪೊನ್ನೂದಿಮಲೆ ಎಂಬ ಹೆಸರೂ ಅದರಿಂದಲೇ ಬಂತಂತೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಲೆಕ್ಕ ಬರೆಯುವ ನಾನು ಆ ಚಿನ್ನದ ಲೆಕ್ಕ ಕೇಳಲು ಹೋಗಿಲ್ಲ.

ಜೊತೆಗೆ ಬರುವವರು ನಮ್ಮಾಕೆಯ ಸೋದರಮಾವ. ದೇವಾಂಗದವರು, ಮಗ್ಗ ಬಿಟ್ಟು ಎಷ್ಟೋ ಕಾಲವಾಯಿತು, ಮನೆಯಲ್ಲಿ ಕನ್ನಡ ಮಾತ್ರ ಬಿಟ್ಟಿಲ್ಲ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು, "ಅಳಿಯಂದ್ರೇ, ಏನು ಗಾಳಿ ನೋಡಿ!" ಅನ್ನುತ್ತಾರೆ. ಮೊಣಕಾಲಿನ ಖರ್ಚನ್ನು ಗಾಳಿಯ ಖಾತೆಗೆ ಬರೆಯುವ ಈ ಜಾಣತನ ನನ್ನಂಥ ಗುಮಾಸ್ತನಿಗೂ ಬಂದಿಲ್ಲ. 2023ರಲ್ಲಿ ಚಿರತೆಯೊಂದು ಈ ಬೆಟ್ಟ ಸೇರಿಕೊಂಡು ಸುತ್ತಲಿನ ಕುರಿಗಳಿಗೆ ಬಾಯಿ ಹಾಕಿದಾಗ ನಮ್ಮ ನಡಿಗೆಗೆ ಮನೆಯವರಿಂದ ತಡೆಯಾಜ್ಞೆ ಬಂತು. "ಅದಕ್ಕೂ ಜನಜಂಗುಳಿ ಆಗದು, ಪಾಪ," ಎಂದು ಮಾವ ಚಿರತೆಯ ಪಕ್ಷವನ್ನೇ ವಹಿಸಿದರು.

ಗಾಳಿಯೇನೋ ಸುಳ್ಳಲ್ಲ. ನೀಲಗಿರಿಗೂ ಆನೆಮಲೆಗೂ ನಡುವೆ, ಪಾಲಕ್ಕಾಡಿನ ಹತ್ತಿರ ಪಶ್ಚಿಮಘಟ್ಟ ಸುಮಾರು 30 ಕಿ.ಮೀ. ಅಗಲಕ್ಕೆ ಬಾಯಿಬಿಟ್ಟಿದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಗಾಳಿ ಅಲ್ಲಿಂದ ನುಗ್ಗುತ್ತದೆ; ಮಳೆಯನ್ನು ಬಹುಪಾಲು ಕೇರಳದಲ್ಲೇ ಇಳಿಸಿ ನಮ್ಮಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ಬಯಲಿನ ತುಂಬ ಗಾಳಿಯಂತ್ರಗಳು ತಿರುಗುವುದು ಅದರಿಂದಲೇ. ಸಮುದ್ರ ಕಾಣದ ಬೆಟ್ಟದ ಮೇಲೆ ಪಂಚೆ ಹಿಡಿದುಕೊಂಡು ನಿಲ್ಲುವ ಪಾಡು ಆಷಾಢದಲ್ಲಿ ಇಲ್ಲಿಗೆ ಬಂದವರಿಗೇ ಗೊತ್ತು.

ಕೆಳಗೆಲ್ಲ ಕೊರಂಗಾಡು, ಮಳೆ ಕಡಿಮೆಯ ಈ ಸೀಮೆಯ ಮೇವಿನ ಹೊಲ. ಸುತ್ತ ಕಿಳುವೆಯ ಮುಳ್ಳುಬೇಲಿ; ಕೊಂಬೆ ಕಡಿದು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಒಳಗೆ ಬಿಳಿಜಾಲಿಯ ನೆರಳು, ಹುಲ್ಲು, ಕಾಯುವವರಿಲ್ಲದೆ ಮೇಯುವ ಕಾಂಗೇಯಂ ದನ. ಕಳೆದ ಸಲ ಇಳಿಯುವ ಮುಂಚೆ ಬೇಲಿಯೊಳಗೆ ಒಂದು ಕೆಂಪು ಕರು ಕಂಡಿತು. ಈ ತಳಿಯ ಕರು ಹುಟ್ಟುವಾಗ ಕೆಂಪಗಿದ್ದು ಆರು ತಿಂಗಳಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ.

"ನನ್ನ ತಲೆಗೆ ಅರವತ್ತು ವರ್ಷ ಹಿಡಿದ ಕೆಲಸ," ಎಂದ ಮಾವ ಟವೆಲನ್ನು ತಲೆಗೆ ಬಿಗಿದು ಹೊರಟರು. ಇಳಿಯುವಾಗ ಗಾಳಿ ನೋಡಲು ಒಂದು ಕಡೆಯೂ ನಿಲ್ಲಲಿಲ್ಲ.