ಹುಡುಗರು ಹುಡುಗರಿಗೆ ಕಲಿಸದಂತೆ ನೋಡಿಕೊಳ್ಳುವ ಕ್ರಮ

ಮೊದಲು ಪತ್ತೆ ಮಾಡಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕರಲ್ಲಿ ಯಾವ ಊರಿನ ಪದವಿ ಕಾಲೇಜಿಗೆ ನಿಮಗೆ ಪೋಸ್ಟಿಂಗ್ ಆಗಿದ್ದರೂ ಸರಿ, ಸೇರಿದ ವಾರದೊಳಗೆ ಒಂದು ಸುತ್ತು ಹಾಕಿ. ಲೈಬ್ರರಿಗೆ ಹೋಗಬೇಕಿಲ್ಲ, ಅಲ್ಲಿ ಪೇಪರ್ ಓದುವವರು ಮಾತ್ರ ಇರುತ್ತಾರೆ. ಜೆರಾಕ್ಸ್ ಅಂಗಡಿಯ ಮುಂದೆ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಹತ್ತಿರ, ಹಾಸ್ಟೆಲಿನ ಮೆಟ್ಟಿಲುಗಳ ಮೇಲೆ ಕಣ್ಣಾಡಿಸಿ. ಫೈನಲ್ ಇಯರ್ ಬಿ.ಕಾಂ. ಹುಡುಗಿಯೊಬ್ಬಳು ನಾಲ್ಕು ಜನ ಜೂನಿಯರ್‌ಗಳನ್ನು ಕೂರಿಸಿಕೊಂಡು ಕಾಸ್ಟಿಂಗ್ ಲೆಕ್ಕ ಬಿಡಿಸುತ್ತಿದ್ದರೆ, ಕೇಳುವವರು ಸುಮ್ಮನೆ ತಲೆಯಾಡಿಸದೆ "ಅಕ್ಕಾ, ಇದನ್ಯಾಕೆ ಕಳೆದೆ, ಕೂಡಬೇಕಿತ್ತಲ್ವಾ?" ಎಂದು ಜಗಳಕ್ಕೆ ನಿಂತಿದ್ದರೆ, ನಿಮ್ಮ ಕಾಲೇಜಿಗೂ ಸೋಂಕು ತಗುಲಿದೆ ಎಂದು ತಿಳಿಯಿರಿ. ನಿಮ್ಮ ತರಗತಿಯಲ್ಲಿ ಇದುವರೆಗೆ ಯಾರೂ ಹಾಗೆ ಕೇಳಿಲ್ಲ ಎಂಬುದನ್ನೂ ಗಮನಿಸಿ.

ಗಾಬರಿಯಾಗಬೇಡಿ. ಗದರಿಸಲೂ ಹೋಗಬೇಡಿ. ಗದರಿಸಿದರೆ ಎದ್ದು ಹೋಗಿ ಇನ್ನೊಂದು ಅರಳಿಕಟ್ಟೆ ಹುಡುಕಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಕೈಗೆ ಸಿಗುವುದಿಲ್ಲ. ಅನುಭವಸ್ಥರ ದಾರಿಯೇ ಬೇರೆ: ಅದನ್ನು ಕಾಲೇಜಿನ ಕಾರ್ಯಕ್ರಮ ಮಾಡಿಬಿಡಿ.

ಹೆಸರಿಡಿ. ಜ್ಞಾನ, ಜ್ಯೋತಿ, ಸಿರಿ, ಸಂಗಮ, ಇವುಗಳಲ್ಲಿ ಎರಡನ್ನು ಜೋಡಿಸಿದರೆ ಸಾಕು. ಸಮಿತಿ ರಚಿಸಿ, ಅದಕ್ಕೊಂದು ಉಪಸಮಿತಿ ಮಾಡಿ. ಉದ್ಘಾಟನೆಯ ದಿನ ಫ್ಲೆಕ್ಸಿನಲ್ಲಿ ಪ್ರಾಂಶುಪಾಲರು, ಐಕ್ಯೂಎಸಿ ಸಂಯೋಜಕರು, ಮುಖ್ಯ ಅತಿಥಿಗಳು, ನೀವು, ಇಷ್ಟು ಜನರ ಫೋಟೋ ಇರಲಿ. ಲೆಕ್ಕ ಹೇಳಿಕೊಡುತ್ತಿದ್ದ ಹುಡುಗಿಯನ್ನು ಮರೆಯಬೇಡಿ, ಪ್ರಾರ್ಥನೆ ಹಾಡಲು ಅವಳನ್ನೇ ಕರೆಯಿರಿ. ಅತಿಥಿಗಳು ಎರಡು ಗಂಟೆ ತಡವಾಗಿ ಬಂದು, ಶಿಕ್ಷಣದ ಮಹತ್ವದ ಬಗ್ಗೆ ಒಂದು ಗಂಟೆ ಮಾತಾಡಿ ಇಳಿಯುವ ಹೊತ್ತಿಗೆ, ಜೂನಿಯರ್‌ಗಳಿಗೆ ಕಾಸ್ಟಿಂಗ್ ಎಂದರೆ ಹಸಿವು ಎಂಬ ನೆನಪು ಗಟ್ಟಿಯಾಗುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಚೂರು ಇತಿಹಾಸ ಓದಿಕೊಳ್ಳಿ, ಸ್ಟಾಫ್ ರೂಮಿನಲ್ಲಿ ಬಳಕೆಗೆ ಬರುತ್ತದೆ. ನಮ್ಮ ಹಳ್ಳಿಗಳ ಕೂಲಿಮಠದಲ್ಲಿ ಐಗಳು ಒರಗಿಕೊಂಡಿದ್ದರೂ ಪಾಠ ನಿಲ್ಲುತ್ತಿರಲಿಲ್ಲ, ದೊಡ್ಡ ಹುಡುಗ ಚಿಕ್ಕವನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದ. ಇಂಥದ್ದೇ ಒಂದು ಜಗಲಿ ಶಾಲೆಯನ್ನು ಮದ್ರಾಸಿನಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಕಂಡ. ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಅವನು ಅಲ್ಲಿಯೂ ಮರಳು ಹರಡಿಸಿದ. ಅವನ ಉಪಾಧ್ಯಾಯರು ಒಪ್ಪಲಿಲ್ಲ. ಇಲ್ಲಿಯವರೆಗೆ ಆ ಉಪಾಧ್ಯಾಯರ ನಡೆ ನಮಗೆಲ್ಲ ಮಾದರಿ. ಆದರೆ ಬೆಲ್ ಹಟಮಾರಿ, ಎಂಟು ವರ್ಷದ ಹುಡುಗನೊಬ್ಬನ ಕೈಗೆ ಆ ತರಗತಿ ಒಪ್ಪಿಸಿದ, ಅದು ನಡೆದೇಹೋಯಿತು. 1797ರಲ್ಲಿ ಲಂಡನ್ನಿನಲ್ಲಿ ಇದನ್ನೆಲ್ಲ ಪುಸ್ತಕ ಮಾಡಿಸಿದ. ಜೋಸೆಫ್ ಲ್ಯಾಂಕಾಸ್ಟರ್ ಎಂಬಾತನೂ ಇದೇ ಹಾದಿ ಹಿಡಿದ ಮೇಲೆ ಇಂಗ್ಲೆಂಡಿನ ಉಳ್ಳವರಿಗೆ ಇದು ಬಹಳ ಹಿಡಿಸಿತು. ಮಕ್ಕಳು ಕಲಿಯುತ್ತಾರೆ ಎಂಬುದಕ್ಕಿಂತ, ನೂರಾರು ಮಕ್ಕಳಿಗೆ ಒಬ್ಬನೇ ಮೇಷ್ಟ್ರ ಸಂಬಳ ಸಾಕು ಎಂಬುದಕ್ಕೆ.

ಈ ಕೊನೆಯ ವಾಕ್ಯದ ಕೆಳಗೆ ಗೆರೆ ಹಾಕಿಕೊಳ್ಳಿ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೆಯುತ್ತಿರುವುದು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರ ನೇಮಕದ ಆದೇಶ ಬರುವ ಹೊತ್ತಿಗೆ ಸೆಮಿಸ್ಟರಿನ ಒಂದೆರಡು ಯೂನಿಟ್ ದಾಟಿರಬೇಕಾಗುತ್ತದೆ. ಆ ಖಾಲಿ ಪೀರಿಯಡ್‌ಗಳಿಗೆ ಫೈನಲ್ ಇಯರ್ ಹುಡುಗಿಯನ್ನು ಕಳಿಸಿ. ಜೊತೆಗೆ ಕೂತು ಬಿಡಿಸುವ ಕೆಲಸ ಬಿಟ್ಟು ಅವಳು ವೇದಿಕೆ ಹತ್ತಿ ಡಿಕ್ಟೇಷನ್ ಕೊಡಲಿ. ತಿಂಗಳಲ್ಲಿ ಅವಳಿಗೂ ನಮ್ಮ ದನಿ ಬರುತ್ತದೆ, ಕೇಳುವವರಿಗೆ ನಮ್ಮ ತರಗತಿಯ ನಿದ್ದೆಯೂ ಬರುತ್ತದೆ. ಗೌರವಧನದ ಮಾತು ಎತ್ತಿದರೆ ಸರ್ಟಿಫಿಕೇಟ್ ತೋರಿಸಿ.

ಇನ್ನು ಅಮೆರಿಕದ ಒಂದು ಪದ್ಧತಿಯ ಬಗ್ಗೆ ಎಚ್ಚರಿಕೆ ಹೇಳಬೇಕು, ಯಾಕೆಂದರೆ ರಿಫ್ರೆಶರ್ ಕೋರ್ಸಿಗೆ ಹೋಗಿಬಂದ ಯಾರಾದರೊಬ್ಬರು ಅದನ್ನು ಹೊತ್ತು ತಂದೇ ತರುತ್ತಾರೆ. 1973ರಲ್ಲಿ ಕ್ಯಾನ್ಸಸ್ ಸಿಟಿಯ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ಡಿಯಾನಾ ಮಾರ್ಟಿನ್ ಎಂಬುವರು ಶುರುಮಾಡಿದ್ದು, ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂದು ಹೆಸರು. ಅದರ ನಿಯಮಗಳನ್ನು ಚೆನ್ನಾಗಿ ಓದಿಕೊಳ್ಳಿ, ಒಂದೊಂದನ್ನೂ ತಲೆಕೆಳಗು ಮಾಡಿದರೆ ನಮ್ಮ ಕೈಪಿಡಿ ತಾನಾಗಿ ಸಿದ್ಧವಾಗುತ್ತದೆ.

ಅವರು ಹುಡುಕಿದ್ದು ಕಷ್ಟದ ವಿಷಯಗಳನ್ನು, ದಡ್ಡ ವಿದ್ಯಾರ್ಥಿಗಳನ್ನಲ್ಲ. ಯಾವ ಪೇಪರಿನಲ್ಲಿ ಹೆಚ್ಚು ಜನ ಫೇಲಾಗುತ್ತಾರೋ ಆ ಪೇಪರಿಗೆ ಓದುಗುಂಪು, ರ‍್ಯಾಂಕ್ ಬರುವವನಿಂದ ಹಿಡಿದು ಡುಮ್ಕಿ ಹೊಡೆಯುವವನವರೆಗೆ ಯಾರು ಬೇಕಾದರೂ ಬಂದು ಕೂರಬಹುದು. ಇದು ಅಪಾಯಕಾರಿ ವಿಚಾರ. ವಿಷಯವೇ ಕಷ್ಟ ಎಂದು ಒಮ್ಮೆ ಒಪ್ಪಿಕೊಂಡರೆ, ಅದನ್ನು ಕಲಿಸುತ್ತಿರುವವರು ಯಾರು ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ನೀವು ವಿದ್ಯಾರ್ಥಿಗಳನ್ನೇ ಹಿಡಿಯಿರಿ. ನಿಧಾನ ಕಲಿಕೆಯವರಿಗೆ ಏನು ಮಾಡಿದ್ದೀರಿ ಎಂದು ನ್ಯಾಕ್‌ನವರು ಕೇಳುತ್ತಾರಲ್ಲ, ಅದೇ ನೆಪದಲ್ಲಿ ಸ್ಲೋ ಲರ್ನರ್ಸ್ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿ. ಸಾಲದಿದ್ದರೆ ತುಂಬಿದ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ. ಹಾಡಿಯಿಂದ ತನ್ನ ಮನೆತನದಲ್ಲೇ ಮೊದಲಿಗನಾಗಿ ಕಾಲೇಜು ಮೆಟ್ಟಿಲು ಹತ್ತಿದ ಹುಡುಗನ ಹೆಸರಿನಿಂದ ಶುರುಮಾಡಿ. ಮಾರನೆಯ ದಿನ ಅವನು ಓದುಗುಂಪಿಗೂ ಬರುವುದಿಲ್ಲ, ನಿಮ್ಮ ಕ್ಲಾಸಿಗೂ ಬರುವುದಿಲ್ಲ. ಒಂದೇ ಕಲ್ಲಿಗೆ ಎರಡು ಹಾಜರಿ.

ಅಲ್ಲಿ ಹೇಳಿಕೊಡುವ ಸೀನಿಯರ್, ತಾನು ಪಾಸಾದ ಪೇಪರಿನ ಕ್ಲಾಸಿಗೇ ಮತ್ತೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಳ್ಳುತ್ತಾಳೆ. ಈ ಸಲ ಮೇಷ್ಟ್ರು ಏನು ಹೇಳಿದರು ಎಂಬುದು ಅವಳಿಗೆ ಗೊತ್ತಿರಬೇಕಂತೆ. ಇದಕ್ಕೆ ಎಡೆ ಕೊಡಬೇಡಿ. ಹಿಂದಿನ ವರ್ಷ ಹೇಳಿದ ಜೋಕನ್ನೇ ಈ ವರ್ಷವೂ ಹೇಳುತ್ತೀರಿ, ಸಾಕ್ಷಿ ಯಾಕೆ? "ನಿನ್ನ ಸಿಲಬಸ್ ಬೇರೆ, ಇವರ ಸಿಲಬಸ್ ಬೇರೆ" ಎಂದುಬಿಡಿ. ಸರ್ಕಾರ ಈ ವಾಕ್ಯಕ್ಕೆ ಚೆನ್ನಾಗಿ ನೀರೆರೆದಿದೆ. 2021-22ರಲ್ಲಿ ಎನ್‌ಇಪಿ ಬಂತು, ನಾಲ್ಕು ವರ್ಷದ ಆನರ್ಸ್ ಬಂತು. 2024-25ರಲ್ಲಿ ಅದು ಹೋಗಿ ಮೂರು ವರ್ಷದ ಪದವಿಯೇ ಮರಳಿ ಬಂತು. ಒಂದೇ ಕಾರಿಡಾರಿನಲ್ಲಿ ಅಕ್ಕನಿಗೊಂದು ಪದ್ಧತಿ, ತಮ್ಮನಿಗೊಂದು ಪದ್ಧತಿ ಇದ್ದ ಆ ಕಾಲವನ್ನು ಇನ್ನೂ ಹತ್ತು ವರ್ಷ ಉಲ್ಲೇಖಿಸಿ. ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ಎಂಬುದು ಯಾವ ನೀತಿಯಲ್ಲೂ ಬದಲಾಗಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಗಂಟೆ ಹೊಡೆಯಿತು ಎಂದು ಎದ್ದುಬಿಡಿ.

ವೇಳಾಪಟ್ಟಿ ಹಾಕುವುದು ಒಂದು ಕಲೆ, ಇದಕ್ಕೆ ಸಮಯ ಕೊಡಿ. ಕಾಲೇಜಿನ ಅವಧಿಯೊಳಗೆ ಒಂದು ಪೀರಿಯಡ್ಡನ್ನೂ ಬಿಟ್ಟುಕೊಡಬೇಡಿ. ಸಂಜೆ ನಾಲ್ಕೂವರೆ ಬಹಳ ಒಳ್ಳೆಯ ಹೊತ್ತು. ಎಚ್.ಡಿ. ಕೋಟೆಯಲ್ಲಿ ನಾಲ್ಕೂವರೆ ಎಂದು ಬರೆದ ತಕ್ಷಣ ಒಳಗಿನ ಊರುಗಳ ಮಕ್ಕಳೆಲ್ಲ ಪಟ್ಟಿಯಿಂದ ತಾವಾಗಿ ಉದುರುತ್ತಾರೆ. ಅಂತರಸಂತೆ ದಾಟಿ ಡಿ.ಬಿ. ಕುಪ್ಪೆಯ ಕಡೆ ಹೋಗುವವರಿಗೆ ಕಾಡಿನ ರಸ್ತೆ, ರಾತ್ರಿಯಾದರೆ ಗೇಟು, ಗೇಟಿನಾಚೆ ಆನೆ. ಆನೆಗೆ ಕಾರ್ಪೊರೇಟ್ ಅಕೌಂಟಿಂಗ್ ಮುಖ್ಯವಲ್ಲ. ಕೆ.ಆರ್. ನಗರದಲ್ಲಾದರೆ ಹಾಸನದ ಕಡೆಯ ಪ್ಯಾಸೆಂಜರ್ ಯಾವಾಗ ಎಂದು ಸ್ಟೇಷನ್ನಿನಲ್ಲಿ ವಿಚಾರಿಸಿ, ಅದಕ್ಕೆ ಹತ್ತು ನಿಮಿಷ ಮುಂಚೆ ಶುರುಮಾಡಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಗಿದೆ. ಟಿಕೆಟ್ಟಿನ ಚಿಂತೆ ಹೋಗಿ ಜಾಗದ ಚಿಂತೆ ಬಂದಿದೆ, ಆದ್ದರಿಂದ ಕೊನೆಯ ಬಸ್ಸು ಎಂದರೆ ನಿಲ್ಲಲೂ ಜಾಗವಿಲ್ಲದ ಬಸ್ಸು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಹುಣಸೂರು, ಪಿರಿಯಾಪಟ್ಟಣದವರಿಗೆ ಇನ್ನೂ ಒಳ್ಳೆಯ ಅನುಕೂಲವಿದೆ. ಅಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಪಂಚಾಂಗ ವಿಶ್ವವಿದ್ಯಾನಿಲಯದ ಕ್ಯಾಲೆಂಡರಿಗಿಂತ ಗಟ್ಟಿ. ಮಳೆಗಾಲ ಇಳಿಯುವ ಹೊತ್ತಿಗೆ ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ ತುಂಬಬೇಕು, ಬೆಂಕಿ ಹಾಕಿದ ಮೇಲೆ ಹಗಲೂ ರಾತ್ರಿಯೂ ಒಬ್ಬರು ಶಾಖ ನೋಡುತ್ತ ಕೂರಬೇಕು. ಕೂರುವವನು ನಿಮ್ಮ ಸೆಕೆಂಡ್ ಇಯರ್ ಬಿ.ಎಸ್ಸಿ. ಹುಡುಗ. "ಬ್ಯಾರನ್ ಬಿಟ್ಟು ಬರಕ್ಕಾಗಲ್ಲ ಸಾ, ಡಿಗ್ರಿ ಏರಿಬಿಟ್ರೆ ಸೊಪ್ಪೆಲ್ಲ ಕಪ್ಪಾಯ್ತದೆ" ಎಂದರೆ "ನಿನಗೆ ಓದಿನ ಮೇಲೆ ಆಸಕ್ತಿ ಇಲ್ಲ" ಎಂದು ರಿಜಿಸ್ಟರಿನಲ್ಲಿ ಬರೆಯಿರಿ. ಅವನು ಮಧ್ಯರಾತ್ರಿ ಬ್ಯಾರನ್ ಬಾಗಿಲಲ್ಲಿ ಕೂತು ಥರ್ಮಾಮೀಟರ್ ನೋಡುತ್ತ, ಪಕ್ಕದ ಬ್ಯಾರನ್ನಿನ ಗೆಳೆಯನಿಗೆ ಫೋನಿನಲ್ಲಿ ಥರ್ಮೋಡೈನಮಿಕ್ಸ್ ಬಿಡಿಸಿ ಹೇಳುತ್ತಿದ್ದರೆ ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ರಿಜಿಸ್ಟರ್ ಇಲ್ಲ.

ರಿಜಿಸ್ಟರ್ ಎಂದೆ. ಮಿಸೌರಿಯಲ್ಲಿ ಇಷ್ಟವಿದ್ದವರು ಬರುತ್ತಿದ್ದರು, ಇಷ್ಟವಿಲ್ಲದವರು ಬಿಡುತ್ತಿದ್ದರು. ಯಾರು ಬಂದರು ಎಂದು ತಿಳಿದು ಮಾರ್ಕ್ಸಿನಲ್ಲಿ ತಾರತಮ್ಯ ಮಾಡುವಂತಿರಲಿಲ್ಲ. ನೀವು ಬಂದವರ ಸಹಿ ಹಾಕಿಸಿ, ಬರದವರಿಗೆ ಐಎ ಮಾರ್ಕ್ಸ್ ಕಟ್ ಎಂದು ಸಾರಿ. ಆಗ ಐವತ್ತು ಜನ ಬಂದು ಸಹಿ ಹಾಕಿ ಮೊಬೈಲ್ ನೋಡುತ್ತಾರೆ. ನಿಜವಾಗಿ ಲೆಕ್ಕ ಬೇಕಿದ್ದ ಆರು ಜನಕ್ಕೆ ಹುಡುಗಿಯ ದನಿ ಕೇಳಿಸುವುದಿಲ್ಲ. ಫೋಟೋ ತೆಗೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಜಿಯೋಟ್ಯಾಗ್ ಇರುವ ಆ್ಯಪ್‌ನಲ್ಲೇ ತೆಗೆಯಿರಿ, ಅಕ್ಷಾಂಶ ರೇಖಾಂಶ ಸ್ಪಷ್ಟವಾಗಿ ಬರಲಿ. ಪುಸ್ತಕ ತೆರೆದಿದೆಯೇ ಎಂದು ಯಾರೂ ಹಿಗ್ಗಿಸಿ ನೋಡುವುದಿಲ್ಲ.

ಹುಡುಗಿಗೆ ಬಿಡುವು ಕೊಡಬೇಡಿ. ಟೆಸ್ಟ್ ಪೇಪರ್ ತಿದ್ದಿಸಿ, ಟೋಟಲ್ ಹಾಕಿಸಿ, ನಿಮ್ಮ ಪಿಪಿಟಿ ಟೈಪ್ ಮಾಡಿಸಿ. ಮಾರ್ಕ್ಸ್ ಹಾಕುವ ಪೆನ್ನು ಕೈಗೆ ಬಂದ ದಿನ ಅವಳು ಜೂನಿಯರ್‌ಗಳಿಗೆ ಅಕ್ಕನಾಗಿ ಉಳಿಯುವುದಿಲ್ಲ. ಗೊತ್ತಿಲ್ಲ ಎನ್ನುವುದನ್ನು ಅವಳ ಮುಂದೆಯೂ ಮುಚ್ಚಿಡಲು ಕಲಿಯುತ್ತಾರೆ. ನಿಮ್ಮ ಬಗ್ಗೆ ಯಾರು ಏನು ಆಡಿಕೊಳ್ಳುತ್ತಾರೆ ಎಂದು ಚೇಂಬರಿಗೆ ಕರೆದು ಆಗಾಗ ವಿಚಾರಿಸಿ. ಉತ್ತರ ಬೇಕಿಲ್ಲ, ಅವಳು ಒಳಗೆ ಹೋದದ್ದನ್ನು ಉಳಿದವರು ಕಂಡರೆ ಸಾಕು.

ಇಷ್ಟೆಲ್ಲ ಆದಮೇಲೂ ಕೆಲವರು ಬಗ್ಗುವುದಿಲ್ಲ. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತು, "ಸಾರ್, ಹತ್ತು ನಿಮಿಷ" ಎನ್ನುತ್ತಾಳೆ. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇರುತ್ತದೆ. ಎರಡನೇ ಯೂನಿಟ್‌ನಲ್ಲಿ ಓವರ್‌ಹೆಡ್ ಹಂಚುವ ಜಾಗಕ್ಕೆ ಬಂದಾಗ ಹೆಚ್ಚುಕಡಿಮೆ ಎಲ್ಲರೂ ಮುಗ್ಗರಿಸುತ್ತಿದ್ದಾರೆ, ಯಾವ ಸಾಲಿನಲ್ಲಿ, ಯಾವ ಪದದ ಹತ್ತಿರ ಎಂದು ಬರೆದು ತಂದಿರುತ್ತಾಳೆ. "ಅದೊಂದನ್ನು ಇನ್ನೊಂದ್ಸಲ ಕ್ಲಾಸಲ್ಲಿ ಹೇಳ್ತೀರಾ ಸಾರ್?"

ಇಡೀ ಕಾರ್ಯಕ್ರಮದಲ್ಲಿ ನಿಮ್ಮನ್ನು ಅಲುಗಾಡಿಸಬಲ್ಲ ಕಾಗದ ಇದೊಂದೇ. ಕೈಗೆ ತೆಗೆದುಕೊಳ್ಳಿ, ಓದಬೇಡಿ. "ವೆರಿ ಗುಡ್" ಎನ್ನಿ. ಎರಡು ಜೆರಾಕ್ಸ್ ಮಾಡಿಸಿ ತರಲು ಅವಳನ್ನೇ ಕಳಿಸಿ, ದುಡ್ಡು ಅವಳದೇ ಇರಲಿ. ಒಂದನ್ನು ವಿದ್ಯಾರ್ಥಿಗಳ ಅಭಿಪ್ರಾಯ ಎಂಬ ಫೈಲಿಗೆ, ಇನ್ನೊಂದನ್ನು ಮೆಂಟರ್ ಡೈರಿಗೆ ಅಂಟಿಸಿ ಸೀಲ್ ಹಾಕಿ. ಮೂಲ ಪ್ರತಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಮೂರನೇ ಯೂನಿಟ್ ಶುರುಮಾಡಿ.